ಹೆಬ್ಬಾತು ಇಳಿಯದ ಹೊಲ

ತಂಗಡಗಿ ಹತ್ತಿರ ಕೃಷ್ಣೆಯ ಹಿನ್ನೀರಿಗೆ ಮೂಗು ಚಾಚಿದಂತೆ ಒಂದು ಕಡಲೆ ಹೊಲವಿದೆ. ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಅಲ್ಲಿ ಮೇಯಲು ಇಳಿಯುತ್ತವೆಂದು ಕೇಳಿ, ದುರ್ಬೀನು ಹಿಡಿದು ಮೂರು ದಿನ ನಸುಕಿಗೇ ಹೋದೆ. ಹೊಲದ ಯಜಮಾನರು ಹಸಿ ಕಡಲೆ ಸುಟ್ಟು ಕೊಟ್ಟು, "ಈ ತುದೀಗೇ ನಿಂದರ್ರಿ, ಚಲೋ ಕಾಣ್ತಾವು" ಅಂದರು.

ಹಾಳಾದ ಹಕ್ಕಿಗಳು ಮೂರೂ ದಿನ ನನ್ನ ತಲೆಯ ಮೇಲೆ ಸುತ್ತು ಹೊಡೆದು ಆಚೆ ದಡಕ್ಕೇ ಹೋಗಿ ಇಳಿದವು. ಯಾಕೆಂದು ತಲೆಬುಡ ತಿಳಿಯಲಿಲ್ಲ.

ನಾಲ್ಕನೆಯ ದಿನ ಜ್ವರ ಬಂದು ಮಲಗಿದೆ. ಮರುದಿನ ಹೋದರೆ ಯಜಮಾನರು ಕೆಂಡಾಮಂಡಲವಾಗಿದ್ದರು.

"ನಿನ್ನೆ ಯಾಕ ಬರ್ಲಿಲ್ರಿ? ನೀವು ನಿಂತ್ರ ಒಂದೂ ಇಳೀತಿರ್ಲಿಲ್ಲ. ಎಲ್ಲಾ ಕಡ್ಲಿ ತಿಂದು ಹ್ವಾದೂ!"

"ತಪ್ಪಾತ್ರಿ" ಅಂದೆ. ಏನು ತಪ್ಪೋ, ಯಾರದೋ, ಇವತ್ತಿಗೂ ತಿಳಿದಿಲ್ಲ. ಹೋಗಿ ತುದಿಯಲ್ಲಿ ನಿಂತೆ.