ವೀಸಾ ಬೇಕೇ ಎಂದು ಕೇಳಿದಾಗ

ನಾನು ನಿಂತಿದ್ದದ್ದು ಸ್ವೀಡನ್ನಿನ ಸೋಲ್ನಾ ನಿಲ್ದಾಣದಲ್ಲಿ, ಸೋಡರ್‌ಟೆಲ್ಯೆ ಕಡೆಗೆ ಹೋಗುವ ರೈಲು ನಿಲ್ಲುವ ಬದಿಯಲ್ಲಿ. ಡಿಸೆಂಬರಿನ ಶುಕ್ರವಾರ, ಮಧ್ಯಾಹ್ನ ಮೂರು ಕಳೆದಿತ್ತು, ಆಗಲೇ ಕತ್ತಲು. ಎಡಕ್ಕೆ ಅಮ್ಮ, ಬಲಕ್ಕೆ ಅಪ್ಪ. ಅಪ್ಪನ ಸಹೋದ್ಯೋಗಿಯ ಮನೆಯಲ್ಲಿ ಸತ್ಯನಾರಾಯಣ ಪೂಜೆಯಿತ್ತು. ಅಲ್ಲಿಗೆಂದು ಮಾಡಿದ ಪುಳಿಯೋಗರೆಯ ಡಬ್ಬಿಯನ್ನು ಅಪ್ಪ ಎದೆಗವಚಿಕೊಂಡಿದ್ದರು. ಹಿಮ ಬಿದ್ದು ರೈಲು ತಡವಾಗಿತ್ತು. ಆಗ ಲಂಡನ್ನಿನಿಂದ ಫೋನ್ ಬಂತು.

ಆ ಚಳಿಗಾಲ ನಾನು ಲಂಡನ್ನಿನ ಬ್ಯಾಂಕುಗಳಿಗೆ ಅರ್ಜಿ ಹಾಕುತ್ತಿದ್ದೆ, ಹೊಸ ಪದವೀಧರರನ್ನು ತೆಗೆದುಕೊಂಡು ತರಬೇತಿ ಕೊಡುವ ಕೆಲಸಗಳಿಗೆ. ಹೆಚ್ಚಿನ ಕಡೆಗಳಿಂದ ಅದೇ ದಿನ ‘ಇಲ್ಲ’ ಎಂದು ಮೇಲ್ ಬರುತ್ತಿತ್ತು. ಅಷ್ಟು ಬೇಗ ಯಾರೂ ಅರ್ಜಿ ಓದಿರಲಾರರು ಎಂದು ನನಗೆ ಹೊಳೆದಿರಲಿಲ್ಲ. ಈ ಒಂದು ಬ್ಯಾಂಕು ಮಾತ್ರ ನನ್ನನ್ನು ಸಂದರ್ಶನದವರೆಗೆ ಕರೆದಿತ್ತು. ಇದೂ ಹೋದರೆ ಆ ವರ್ಷದ ಆಸೆ ಮುಗಿದಂತೆಯೇ.

“ಸ್ಪೀಕರ್ ಹಾಕೋ, ನಮಗೂ ಕೇಳ್ಲಿ,” ಎಂದರು ಅಮ್ಮ. ಹಾಕಿದೆ.

ಹೆಂಗಸಿನ ದನಿ, ಇಂಗ್ಲಿಷಿನಲ್ಲಿ. “ನಿಮ್ಮ ಸಂದರ್ಶನ ನಮಗೆ ಹಿಡಿಸಿತು. ಆದರೆ ನಿಮಗೆ ವೀಸಾ ಬೇಕೆಂದು ಬರೆದಿದ್ದೀರಿ. ಈ ವರ್ಷ ನಾವು ಯಾರಿಗೂ ವೀಸಾ ಮಾಡಿಸುತ್ತಿಲ್ಲ. ಕ್ಷಮಿಸಿ.”

“ಪರವಾಗಿಲ್ಲ, ತಿಳಿಸಿದ್ದಕ್ಕೆ ಥ್ಯಾಂಕ್ಸ್,” ಎಂದೆ. ನಿಜವಾಗಿ ಹಾಗೆಯೇ ಅಂದೆ.

ಅಮ್ಮ ಕೈಗವಸಿನಲ್ಲೇ ನನ್ನ ತೋಳು ಹಿಂಡಿದರು. “ಲೋ, ನಿಂಗ್ಯಾವ ವೀಸಾನೋ? ನಾನು ಹುಟ್ಟಿದ್ದೇನು ಚಿಕ್ಕಬಳ್ಳಾಪುರದಲ್ಲಾ?”

ಅಮ್ಮ ಹುಟ್ಟಿದ್ದು ಲೀಡ್ಸ್‌ನಲ್ಲಿ. ಅಜ್ಜ ಆಗ ಅಲ್ಲಿ ವೈದ್ಯರಾಗಿದ್ದರು. ಅಮ್ಮ ಇನ್ನೂ ಕೂಸಾಗಿದ್ದಾಗಲೇ ಮೈಸೂರಿಗೆ ಮರಳಿದರು. ಆ ಹುಟ್ಟಿನ ಹಕ್ಕಿನಿಂದ ನನಗೆ ಬ್ರಿಟನ್ನಿನ ಪಾಸ್‌ಪೋರ್ಟ್ ಸಿಕ್ಕಿತ್ತು. ಸ್ವೀಡನ್ನಿನದು ಶಾಲೆಯ ದಿನಗಳಿಂದಲೂ ಇತ್ತು. ಎರಡೂ ನನ್ನ ಮೇಜಿನ ಡ್ರಾಯರಿನಲ್ಲೇ ಇದ್ದವು. ಆದರೂ ವೀಸಾ ಬೇಕೇ ಎಂದು ಕೇಳಿದಲ್ಲೆಲ್ಲ ‘ಹೌದು’ ಒತ್ತಿದ್ದೆ. ಅದೇ ದಿನ ಬಂದ ‘ಇಲ್ಲ’ಗಳಿಗೂ ಅದೇ ಕಾರಣವಿರಬೇಕು.

ಇದು ನಮ್ಮಂಥ ಮನೆಗಳಲ್ಲಿ ಬೆಳೆದವರಿಗಷ್ಟೇ ಅರ್ಥವಾದೀತು. ಇಲ್ಲಿನ ಕನ್ನಡಿಗರು ಸೇರಿದಾಗ ‘ಊಟ ಆಯ್ತಾ’ ಎನ್ನುವುದಕ್ಕಿಂತ ಮೊದಲು ‘ಪರ್ಮಿಟ್ ಬಂತಾ’ ಎನ್ನುತ್ತಿದ್ದರು, ಇಲ್ಲಿ ನೆಲೆಸಲು ಬೇಕಾದ ಅನುಮತಿಪತ್ರ. ಟ್ರಕ್ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದ ಅಪ್ಪ, ಪರ್ಮಿಟ್ ನವೀಕರಣವಾಗುವವರೆಗೂ ಸೋಫಾ ಕೊಳ್ಳಲು ಬಿಡುತ್ತಿರಲಿಲ್ಲ. ನಾವು ಎಲ್ಲಿಗೆ ಹೋದರೂ ಯಾರಾದರೂ ಒಪ್ಪಬೇಕು ಎಂಬುದು ನನಗೆ ಹವಾಮಾನದಷ್ಟೇ ಸಹಜವಾಗಿತ್ತು.

“ಬ್ಯಾಂಕಿಗೆ ಇಂಥವನೇ ಸರಿ,” ಎಂದರು ಅಪ್ಪ. “ತನ್ನ ಆಸ್ತಿ ಏನಿದೆ ಅಂತ ತನಗೇ ಗೊತ್ತಿಲ್ಲ.”

“ಒಂದು ನಿಮಿಷ,” ಎಂದೆ, ಇನ್ನೂ ಕಟ್ ಆಗದ ಫೋನಿಗೆ. “ನಾನು ತಪ್ಪಾಗಿ ತುಂಬಿದ್ದೇನೆ. ನಾನು ಸ್ವೀಡನ್ ಮತ್ತು ಬ್ರಿಟನ್ ಎರಡರ ಪ್ರಜೆ. ಅಲ್ಲಿ ಕೆಲಸ ಮಾಡಲು ನನಗೆ ಯಾರ ಅನುಮತಿಯೂ ಬೇಡ.”

ಆಚೆ ಕಡೆ ಕೀಬೋರ್ಡ್ ಸದ್ದು. ನಮ್ಮ ರೈಲು ಬಂತು, ಬಾಗಿಲು ತೆರೆಯಿತು. ಮೂವರಲ್ಲಿ ಒಬ್ಬರೂ ಹತ್ತಲಿಲ್ಲ. ರೈಲು ಹೋಯಿತು.

“ಹಾಗಾದರೆ ಪಾಸ್‌ಪೋರ್ಟಿನ ಪ್ರತಿ ಕಳಿಸಿ,” ಎಂದಿತು ದನಿ. “ಜನವರಿಯಲ್ಲಿ ಕೊನೆಯ ಸುತ್ತಿಗೆ ಲಂಡನ್ನಿಗೆ ಬನ್ನಿ.”

ಕರೆ ಮುಗಿಯಿತು. “ನೀನು ಅವರಿಗೆ ಹೇಳಿದ ಆ ಕೊನೇ ಮಾತು ಇನ್ನೊಂದ್ಸಲ ಹೇಳು,” ಎಂದರು ಅಪ್ಪ. “ಅಲ್ಲಿ ಕೆಲಸ ಮಾಡಲು ನನಗೆ ಯಾರ ಅನುಮತಿಯೂ ಬೇಡ,” ಎಂದೆ. ಅವರು ಅದನ್ನೇ ತಾವೂ ಮೆಲ್ಲಗೆ ಹೇಳಿಕೊಂಡರು, ಅಂಗಡಿಯಲ್ಲಿ ಬೇರೆಯವರ ಅಳತೆಯ ಕೋಟು ತೊಟ್ಟು ನೋಡುವವರ ಹಾಗೆ. ಮತ್ತೆ ಡಬ್ಬಿಯ ಮುಚ್ಚಳ ತೆಗೆದರು.

“ಅಯ್ಯೋ, ಪೂಜೆಗೆ ಮುಂಚೆನಾ?” ಎಂದರು ಅಮ್ಮ.

“ನೈವೇದ್ಯ ಅವರ ಮನೇಲೇ ಮಾಡಿರ್ತಾರೆ ಕಣೆ. ಇದು ನಮ್ಮದು.”

ಬರಿಗೈಯಲ್ಲಿ ತಿಂದೆವು. ಪಕ್ಕದಲ್ಲಿ ನಾಯಿ ಹಿಡಿದು ನಿಂತಿದ್ದ ಸ್ವೀಡಿಷ್ ಅಜ್ಜಿಯೊಬ್ಬರು, ಏನು ಹಬ್ಬ ಎಂದು ಕೇಳಿದರು. ಈ ಊರಲ್ಲಿ ಅಪರಿಚಿತರು ಹಾಗೆ ಕೇಳುವುದಿಲ್ಲ. ಮಗನಿಗೆ ಲಂಡನ್ನಿಂದ ಕರೆ ಬಂತು ಎಂದು ಹೇಳಿ ಅಪ್ಪ ಮುಚ್ಚಳದಲ್ಲಿ ಒಂದು ಹಿಡಿ ಹಾಕಿಕೊಟ್ಟರು. ಅವರು ನಿಂತಲ್ಲೇ ತಿಂದು, ಕಣ್ಣೊರೆಸಿಕೊಂಡು, “ಗ್ರಟ್ಟಿಸ್!” ಎಂದು ಅಭಿನಂದಿಸಿದರು. ಖಾರವೂ ಇತ್ತು.

ಫೆಬ್ರವರಿಯಲ್ಲಿ ಕೆಲಸ ಸಿಕ್ಕಿತು. ಲೀಡ್ಸ್‌ನ ಅಜ್ಜ ಇದನ್ನು ಕಾಣಲಿಲ್ಲ. ಆ ನಾಯಿಯೂ ಈಗಿಲ್ಲ. ಕಂಡವರಲ್ಲಿ ಅಮ್ಮ ಇದ್ದಾರೆ. ಆ ಸ್ವೀಡಿಷ್ ಅಜ್ಜಿ ಇದ್ದಾರೆ, ಸೋಲ್ನಾಗೆ ಹೋದಾಗಲೆಲ್ಲ ಅಂಗಡಿಯಲ್ಲಿ ಸಿಗುತ್ತಾರೆ. ಅಪ್ಪ ಇದ್ದಾರೆ, ಕೇಳಿದರೆ ಆ ಮಾತನ್ನು ಈಗಲೂ ತಪ್ಪದೆ ಹೇಳುತ್ತಾರೆ.