ಒಡಪಿಗೊಂದು ಹೆಸರು ಬೇಕು

ನಿವೃತ್ತ ಕನ್ನಡ ಮಾಸ್ತರನೊಬ್ಬ ಗಳಿಸಬಹುದಾದ ಕೀರ್ತಿಗೆ ಮಿತಿಯಿದೆ. ನನ್ನದು ಪೂರ್ವಕ್ಕೆ ರಾಮದುರ್ಗದಲ್ಲಿ, ಪಶ್ಚಿಮಕ್ಕೆ ಕಿತ್ತೂರಿನಲ್ಲಿ ಮುಗಿಯುತ್ತದೆ. ಅದೂ ಹೆಂಗಸರಲ್ಲಿ ಮಾತ್ರ, ಅದೂ ಮದುವೆಯ ಹಂಗಾಮಿನಲ್ಲಿ ಮಾತ್ರ. ನಾನು ಒಡಪು ಬರೆದುಕೊಡುತ್ತೇನೆ. ನಮ್ಮ ಕಡೆ ಮದುಮಗಳು ಗಂಡನ ಹೆಸರನ್ನು ಸುಮ್ಮನೆ ಹೇಳುವಂತಿಲ್ಲ. ಪ್ರಾಸವಿರುವ ಎರಡು ಸಾಲಿನೊಳಗೆ ಹುದುಗಿಸಿ ಹೇಳಬೇಕು. ಹೇಳುವತನಕ ನೆರೆದ ಹೆಂಗಸರು ಬಿಡುವುದಿಲ್ಲ. ಆ ಎರಡು ಸಾಲಿಗಾಗಿ ಬೈಲಹೊಂಗಲದ ನಮ್ಮ ಓಣಿಗೆ ಮುರಗೋಡದಿಂದಲೂ ಜನ ಬಂದದ್ದುಂಟು.

ಹೊರಗಿನ ಕೋಣೆಯಲ್ಲಿ ಕೂತು ಒಡಪು ಕಟ್ಟುವುದು ನಾನು. ಒಳಗೆ ಒಲೆಯ ಮುಂದೆ ನಿಂತು ಅದನ್ನು ಹೇಳಿ ನೋಡುವುದು ನನ್ನ ಹೆಂಡತಿ. ಹೆಸರು ಬರುವ ಜಾಗದಲ್ಲಿ ಅವಳು ನನ್ನ ಹೆಸರನ್ನೇ ಇಡುತ್ತಿದ್ದಳು. ಬೇರೆ ಯಾವ ಗಂಡಸಿನ ಹೆಸರಿಟ್ಟಾಳು? ಉಳಿದ ಹೊತ್ತಿನಲ್ಲಿ ನಾನು ಅವಳಿಗೆ 'ಏನ್ರಿ', ಬಂದವರೆದುರು 'ನಮ್ಮನಿಯವ್ರು'. ಪ್ರಾಸ ಪರೀಕ್ಷೆಯ ಆ ಒಂದು ಕ್ಷಣ ಮಾತ್ರ ನಾನು ಹೆಸರಿದ್ದ ಮನುಷ್ಯ.

"ಬಾಯಿಗೆ ತೊಡರತೈತ್ರಿ ಇದು," ಎನ್ನುತ್ತಿದ್ದಳು. "ಹೆಸರಿನ ಮುಂದ ಇಷ್ಟು ಹೇರಿದ್ರ ಆ ಹುಡುಗಿ ಅಲ್ಲೇ ಉಸರಗಟ್ಟತಾಳ."

ತಿದ್ದುತ್ತಿದ್ದೆ. ವಿಮರ್ಶಕರ ಮಾತನ್ನು ನಾನು ಕೇಳಿದ್ದು ಅಷ್ಟೇ.

ಹೋದ ವರ್ಷ ಅವಳು ತೀರಿಕೊಂಡಳು. ಆಮೇಲೆ ಒಂದು ಒಡಪೂ ಹುಟ್ಟಲಿಲ್ಲ. ಕೇಳಲು ಬಂದವರಿಗೆ ಕಣ್ಣಿಗೆ ಪೊರೆ ಬಂದಿದೆ ಎಂದೆ. ಎರಡು ಸಾಲಿಗೆ ಕಣ್ಣು ಯಾಕೆ ಎಂದು ಯಾರೂ ಕೇಳಲಿಲ್ಲ. ದೊಡ್ಡ ಮನಸ್ಸಿನ ಜನ.

ಈ ಬೇಸಿಗೆಯಲ್ಲಿ ಎದುರುಮನೆಯ ಹುಡುಗಿಯ ಮದುವೆ ಗೊತ್ತಾಯಿತು. ನಮ್ಮ ಅಂಗಳದಲ್ಲೇ ಆಡಿ ಬೆಳೆದವಳು. ಬಂದು ಹೊಸ್ತಿಲ ಮೇಲೆ ಕೂತಳು.

"ಕಾಕಾ, ನನ್ನ ಒಡಪು?"

"ಬರವಲ್ದವಾ. ಫೋನಿನ್ಯಾಗ ಹುಡುಕು, ರಗಡ ಸಿಗ್ತಾವ."

"ಅವನ್ನ ಗಂಡಿನ ಕಡೇವ್ರೂ ನೋಡಿರ್ತಾರಲ್ರಿ. ಸವದತ್ತಿ ಮಂದಿ, ಹಳೇದು ಹೇಳಿದ್ರ ನಗಾಕ ಕುಂತಿರ್ತಾರ. 'ನಿನ್ನ ಲಗ್ನಕ್ಕ ನಿಮ್ಮ ಕಾಕಾನ ಕಡಿಂದ ಚಲೋದೊಂದು ಬರಸಿ ಕೊಡ್ತೇನಿ' ಅಂತ ಕಾಕು ಇದ್ದಾಗ ಹೇಳಿದ್ರು."

ಸತ್ತವರು ಕೊಟ್ಟ ಮಾತನ್ನು ಉಳಿಸಬೇಕಾದವರು ಯಾರೆಂಬುದರಲ್ಲಿ ಶಾಸ್ತ್ರಕ್ಕೆ ಸಂದೇಹವಿಲ್ಲ. ಹೂಂ ಎಂದೆ.

ಫೋನಿನಲ್ಲಿ ಹುಡುಕಿದವನು ನಾನೇ. ಬರವಣಿಗೆ ನಿಂತವರಿಗೆ ಸುಲಭದ ವ್ಯಾಯಾಮ ಕಲಿಸುವ ಮಹನೀಯನೊಬ್ಬ ಸಿಕ್ಕ. ಪೆನ್ನು ಎತ್ತದೆ ಹತ್ತು ನಿಮಿಷ ಏನಾದರೂ ಬರೆಯಿರಿ ಎಂದ. ಹಾಲು, ಅವಲಕ್ಕಿ, ಸೊಳ್ಳೆಬತ್ತಿ ಎಂದು ಬರೆದೆ. ಹತ್ತು ನಿಮಿಷ ಬಹಳ ಉದ್ದವಿರುತ್ತದೆ. ಎಡಗೈಯಲ್ಲಿ ಬರೆಯಿರಿ ಎಂದ. ಬರೆದದ್ದನ್ನು ಬಲಗಣ್ಣು ಓದಲು ಒಪ್ಪಲಿಲ್ಲ. ಕಣ್ಣಿಗೆ ಬಿದ್ದ ಮೊದಲ ವಸ್ತುವಿನ ಮೇಲೆ ತಡಮಾಡದೆ ಒಂದು ಸಾಲು ಕಟ್ಟಿರಿ ಎಂದ. ಇದು ಮಾಡಬಹುದಾದದ್ದು. ಆದರೆ ಮನೆಯಲ್ಲಿ ಕಣ್ಣಿಗೆ ಬಿದ್ದದ್ದೆಲ್ಲ ಅವಳು ಇಟ್ಟ ಜಾಗದಲ್ಲೇ ಇತ್ತು. ಹಾಗಾಗಿ ಬಸ್ ಸ್ಟ್ಯಾಂಡಿಗೆ ಹೋದೆ.

ಬಸ್ಸಿನ ಬೋರ್ಡು ಓದುವುದು, ಕಂಡಕ್ಟರ್ ಸೀಟಿ ಊದುವುದರೊಳಗೆ ಆ ಊರಿಗೊಂದು ಒಡಪು ಕಟ್ಟುವುದು. ಕಿತ್ತೂರಿನ ಬಸ್ಸು ಹೊರಟಿತು, ಪ್ರಾಸಕ್ಕಾಗಿ ಒಡಪಿನಲ್ಲಿ ಚಪ್ಪಲಿಯ ಬಾರು ಕಿತ್ತಿತು. ಕಾವ್ಯಕ್ಕೆ ಇದರಿಂದ ಲಾಭವಾಗಲಿಲ್ಲ. ಬೆರಳು ಮಡಚುತ್ತ ಗೊಣಗುತ್ತಿದ್ದವನನ್ನು ಬಾಜೂಕ ಕೂತ ಮುದುಕಿ ನೋಡಿದಳು.

"ಯಾರ ಜೋಡಿ ಮಾತಾಡಾಕ ಹತ್ತೀರಿ?"

"ಯಾರ ಜೋಡೀನೂ ಇಲ್ಲಬೇ."

"ಹಂಗಿದ್ರ ನನ್ನ ಜೋಡಿ ಮಾತಾಡ್ರಿ. ರಾಮದುರ್ಗದ ಬಸ್ ಇನ್ನೂ ತಡಾ ಐತಿ."

ಅವಳ ಮೊಣಕಾಲಿನ ಇತಿಹಾಸ ಕೇಳಿದೆ. ವ್ಯಾಯಾಮಕ್ಕೆ ವಿರಾಮ ಸಿಕ್ಕಿತು. ಅಷ್ಟರಲ್ಲಿ ಸವದತ್ತಿಯ ಬಸ್ಸು ಬಂತು. ಜನ ಕಿಟಕಿಯಿಂದ ಟವೆಲ್ಲು, ಚೀಲ ಒಗೆದು ಜಾಗ ಹಿಡಿದರು. ಒಗೆಯಲು ಏನೂ ಇಲ್ಲದ ಗಂಡಹೆಂಡಿರಿಬ್ಬರು ಕೊನೆಗೆ ಹತ್ತಿ, ಕಂಬಿ ಹಿಡಿದು ನಿಂತರು. ಸಾಲು ತಾನೇ ಬಂತು:

ಸವದತ್ತಿ ಬಸ್ಸಿನ್ಯಾಗ ಸೀಟು ಸಿಗೂದು ಕಷ್ಟ,
ಇಂಥಾ ರಾಯರ ಬಾಜೂಕ ನಿಂತು ಹೋಗಾಕೂ ಇಷ್ಟ.

'ಇಂಥಾ' ಇದ್ದಲ್ಲಿ ಹೆಸರು ಕೂರಬೇಕು. ಮರೆಯುವ ಮೊದಲೇ ಮನೆಗೆ ಬಂದು ಚೀಟಿಯಲ್ಲಿ ಬರೆದೆ. ಹೇಳಿ ನೋಡುವವರು ಯಾರು? ಪರೀಕ್ಷೆಯಾಗದ ಒಡಪು ಈ ಮನೆಯಿಂದ ಹೊರಗೆ ಹೋದ ಉದಾಹರಣೆಯಿರಲಿಲ್ಲ. ಒಲೆಯ ಮುಂದೆ ಹೋಗಿ ನಿಂತು, ನನ್ನ ಹೆಸರಿಟ್ಟು, ನಾನೇ ಹೇಳಿದೆ. ಆ ಮನೆಯಲ್ಲಿ ಆ ಹೆಸರು ಕೇಳಿ ವರ್ಷವಾಗಿತ್ತು. ಶಾಲೆಯಲ್ಲಿ ಹಾಜರಿ ಕರೆದಂತೆ ಕೇಳಿಸಿತು. ಗತಿ ಎಲ್ಲಿಯೂ ಕುಂಟುತ್ತಿರಲಿಲ್ಲ; ತಿದ್ದಲು ಒಂದು ತಪ್ಪು ಸಿಕ್ಕಿದ್ದರೆ ಇನ್ನೊಮ್ಮೆ ಹೇಳುತ್ತಿದ್ದೆನೋ ಏನೋ.

ರಸ್ತೆ ದಾಟಿ ಹುಡುಗಿಗೆ ಚೀಟಿ ಕೊಟ್ಟೆ. ಓದಿಕೊಂಡು ನಕ್ಕಳು. ಹೇಳಿ ತೋರಿಸು ಎಂದೆ. ಕೆಂಡ ತುಳಿದವರಂತೆ ಹುಡುಗನ ಹೆಸರಿನ ಮೇಲೆ ದಾಟಿಹೋದಳು.

"ಹೆಸರಿನ ಹತ್ರ ಅವಸರ ಮಾಡಬ್ಯಾಡವಾ," ಎಂದೆ. "ಅಲ್ಲೊಂದೀಟು ನಿಂತು ಹೇಳು. ಕೇಳಾವ್ರಿಗೆ ಬೇಕಾದದ್ದು ಅದೊಂದ."

ಅವಳು ಬಾಗಿಲಿನತ್ತ ಒಮ್ಮೆ ನೋಡಿ, ಹೆಸರಿನ ಹತ್ತಿರ ನಿಂತು ಹೇಳಿದಳು. ನನ್ನ ಹೆಸರಿಗಿಂತ ಆ ಹೆಸರೇ ಸಾಲಿನಲ್ಲಿ ಚೆನ್ನಾಗಿ ಕೂತಿತು.