ಚಿಕ್ಕಪ್ಪನ ಟ್ರೇಲರಿಗೆ ಕೆಂಪು ಪಟ್ಟಿ

ಮೊನ್ನೆ ಹದಿಹರೆಯದವರಿಗೆಂದು ಬರೆದ ಕಾದಂಬರಿಯೊಂದನ್ನು ಓದಿ ಮುಗಿಸಿ ಮೇಜಿನ ಮೇಲೆ ಕುಕ್ಕಿದೆ. ಅಪಘಾತದಲ್ಲಿ ಅಣ್ಣನನ್ನು ಕಳೆದುಕೊಂಡ ಹುಡುಗಿ ಕೊನೆಯ ಅಧ್ಯಾಯದಲ್ಲಿ ಗೆಳತಿಯನ್ನು ತಬ್ಬಿಕೊಂಡು ಅತ್ತು, ಎಲ್ಲರನ್ನೂ ಕ್ಷಮಿಸಿಬಿಡುತ್ತಾಳೆ. ಕ್ಷಮಿಸುತ್ತಾಳಂತೆ! ಗೆಳತಿಯ ವಿಚಾರ ನಿಜ, ಒಪ್ಪುತ್ತೇನೆ. ಉಳಿದದ್ದು ಬರೆದವರಿಗೆ ಎಲ್ಲಿ ಸಿಕ್ಕಿತೋ ಗೊತ್ತಿಲ್ಲ.

ನಾನು ಪಿಯುಸಿಯಲ್ಲಿದ್ದೆ. ಮಂಡ್ಯದ ಕಾಲೇಜಿನಿಂದ ಹನಕೆರೆಗೆ ಅಣ್ಣನ ಬೈಕಿನಲ್ಲಿ ಬರುತ್ತಿದ್ದಾಗ, ಮುಸ್ಸಂಜೆಯಲ್ಲಿ, ರಸ್ತೆ ಬದಿ ನಿಂತಿದ್ದ ಕಬ್ಬಿನ ಟ್ರೇಲರಿಗೆ ಗುದ್ದಿದೆವು. ಅದರ ಹಿಂದೆ ದೀಪವಿರಲಿಲ್ಲ, ಒಂದು ಕೆಂಪು ಚೂರೂ ಇರಲಿಲ್ಲ. ಅಣ್ಣ ಅಲ್ಲೇ ಹೋದ. ನನಗೆ ಮೊಣಕೈ ತರಚಿತು, ಅಷ್ಟೇ. ಟ್ರೇಲರ್ ನಮ್ಮ ಚಿಕ್ಕಪ್ಪನದು.

ಸಾವಿನ ಮನೆಗೆ ಮಾತಾಡಿಸಲು ಬರುವುದು ನಮ್ಮ ಕಡೆ ದೊಡ್ಡ ಮರ್ಯಾದೆ. ಬಂದವರೆಲ್ಲ ಕಾಫಿ ಕುಡಿದು ನನ್ನ ಕಡೆ ತಿರುಗುತ್ತಿದ್ದರು. "ಎಂಗಾಯ್ತವ್ವ? ನೀನೇ ಇದ್ದಲ್ಲ, ಯೋಳು." ನಾನು ಹೇಳಬೇಕು, ಅವರು ಕಣ್ಣೊರೆಸಿಕೊಳ್ಳಬೇಕು. ದೀಪದ ಮಾತು ಬರುವ ಹೊತ್ತಿಗೆ ಅವ್ವ ನನ್ನತ್ತ ಕಣ್ಣು ಬಿಡುತ್ತಿದ್ದಳು. ಪೊಲೀಸರಿಗೂ ಮನೆಯವರು ನನ್ನಿಂದ 'ಕತ್ತಲಲ್ಲಿ ಕಾಣಲಿಲ್ಲ' ಎಂದಷ್ಟೇ ಹೇಳಿಸಿದ್ದರು. ಮನೆಯ ಮಾನ ಹೋಗಬಾರದಲ್ಲ! "ಅಣೆಬರ ಕಣವ್ವ" ಎಂದು ಬಂದವರು ಎದ್ದು ಹೋಗುತ್ತಿದ್ದರು.

ಬರಬರುತ್ತ ನನಗೆ ಯಾವ ಗಾಡಿಯನ್ನೂ ಹತ್ತಲಾಗದಾಯಿತು. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟರೆ ವಾಂತಿ. ಕಾಲೇಜು ನಿಂತಿತು. ಪರೀಕ್ಷೆಗೂ ಹೋಗದಿದ್ದರೆ ಗಂಡು ನೋಡುವುದೇ ಸರಿ ಎಂದು ತೀರ್ಮಾನ ಕೊಟ್ಟವನು ಚಿಕ್ಕಪ್ಪ. ಎಂಥ ಕಾಳಜಿ!

ಆಗ ಬಂದವಳು ಮಂಡ್ಯದ ಗುತ್ತಲಿನ ನನ್ನ ಸಹಪಾಠಿ, ಸಾಬರ ಹುಡುಗಿ, ಮೆಕ್ಯಾನಿಕ್ಕಿನ ಮಗಳು. ಏನೂ ಕೇಳಲಿಲ್ಲ. ಅವ್ವನ ಜೊತೆ ಕೂತು ಅವರೆಕಾಯಿ ಸುಲಿದು ಹೋದಳು. ಮುಂದಿನ ಭಾನುವಾರ ಮತ್ತೆ ಬಂದಳು. ಆಮೇಲೆ ನನ್ನನ್ನು ಹೊರಗೆ ಎಳೆದಳು. ನಾನು ಗಾಡಿ ಹತ್ತುವುದಿಲ್ಲವೆಂದು ತನ್ನ ಸ್ಕೂಟರನ್ನು ತಳ್ಳಿಕೊಂಡು ನನ್ನ ಪಕ್ಕದಲ್ಲೇ ನಡೆದಳು. ಹಾಗೆ ನಡೆಯುವಾಗ ಒಂದು ದಿನ ನಾನಾಗಿಯೇ ಹೇಳಿದೆ, ದೀಪದ ವಿಷಯವನ್ನೂ ಸೇರಿಸಿ. ಅವಳು ಕಣ್ಣೊರೆಸಿಕೊಳ್ಳಲಿಲ್ಲ, ರೇಗಿದಳು. "ಮತ್ತೆ ಇದ್ನ ಯಾಕ್ಲೇ ಯಾರ್ಗೂ ಯೋಳ್ನಿಲ್ಲ?"

ಮುಂದಿನ ವಾರ ಅಪ್ಪನ ಗ್ಯಾರೇಜಿನಿಂದ ಕೆಂಪು ರೇಡಿಯಂ ಸ್ಟಿಕ್ಕರಿನ ಸುರುಳಿ ತಂದಳು. ದೊಡ್ಡ ರಸ್ತೆಯಿಂದ ಊರಿಗೆ ತಿರುಗುವಲ್ಲಿ, ನಮ್ಮೂರ ಗೇಟಿನ ಟೀ ಅಂಗಡಿ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು ನಿಂತಿದ್ದವು. ಒಂದೊಂದರ ಹಿಂದೆ ಅಂಟಿಸುತ್ತಾ ಹೋದೆವು. ಚಿಕ್ಕಪ್ಪನದೂ ಇತ್ತು. ಒಂದು ಮೂಲೆಗೆ ಅಂಟಿಸುವಷ್ಟರಲ್ಲಿ ಅವನೇ ಟೀ ಲೋಟ ಹಿಡಿದು ಬಂದ.

"ಏನಮ್ಮಿ ಇದು? ಜನ ನೋಡ್ತಾವ್ರೆ. ಮನೆಗೋಗು."

"ನೋಡ್ಲಿ. ನಮ್ಮಣ್ಣ ಅಣೆಬರದಿಂದ ಸತ್ತಿಲ್ಲ ಚಿಕ್ಕಪ್ಪ. ನಿನ್ ಟ್ರೇಲರ್‌ಗೆ ದೀಪ ಇರ್ನಿಲ್ಲ, ಅದ್ಕೇ ಸತ್ತ."

ನಾನು ಕಿರುಚಿದ್ದೆ. ಗೆಳತಿ ಸುರುಳಿಯನ್ನು ನನ್ನ ಕೈಗಿಟ್ಟಳು. "ಇನ್ನೊಂದ್ ಮೂಲೆ ಅದೆ ಕಣೇ, ಅಂಟ್ಸು."

ಅಂಟಿಸಿದೆ. ಹಾಗೇ ಹೋಗಿ ಅವಳ ಸ್ಕೂಟರಿನ ಹಿಂದೆ ಕೂತೆ. "ನಡಿ, ಮಂಡ್ಯಕ್ಕೆ" ಅಂದೆ.

ಪರೀಕ್ಷೆ ಬರೆದೆ. ಅವ್ವ ಈಗಲೂ ಹಬ್ಬ ಬಂದರೆ, "ಚಿಕ್ಕಪ್ಪನ್ ಕಾಲ್ಗೆ ಬೀಳವ್ವ, ಎಲ್ಲ ಸರಿಯೋಯ್ತದೆ" ಎನ್ನುತ್ತಾಳೆ. ಬೀಳುವುದಿಲ್ಲ. ಊರಿಗೆ ಹೋದಾಗ ಅವನ ಟ್ರೇಲರಿನ ಹಿಂಭಾಗ ನೋಡುತ್ತೇನೆ. ಪಟ್ಟಿ ಮಾಸಿದ್ದರೆ ಹೊಸದು ಅಂಟಿಸಿ ಬರುತ್ತೇನೆ. ಅವನನ್ನು ಕೇಳುವುದಿಲ್ಲ.